ದೂರಿನ ನಂಬರ್ ಬರೆದಿಟ್ಟುಕೊಂಡಿದ್ದೀರಾ?

ಬಾಗಲಕೋಟೆಯ ನವನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಪಿಂಗ್ ಅಂಗಡಿ ನಡೆಸುತ್ತಿದ್ದೇನೆ. ಜನ ಎದುರಿನ ಸ್ಟೂಲ್ ಮೇಲೆ ಕೂತು ತಮ್ಮ ಕಥೆ ಹೇಳುತ್ತಾರೆ, ನಾನು ಅದನ್ನು ಅರ್ಜಿ ಮಾಡಿ ಕೊಡುತ್ತೇನೆ. ನಾನು ವಕೀಲಳಲ್ಲ. ಆದರೆ ಯಾವ ಅರ್ಜಿಗೆ ಉತ್ತರ ಬರುತ್ತದೆ, ಯಾವುದು ಫೈಲಿನಲ್ಲೇ ಮಲಗುತ್ತದೆ ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ. ಈ ತಿಂಗಳು ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರದವು. ಕರೆಂಟು, ನೆಟ್ಟು, ಠೇವಣಿ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಕ್ಕಾರೇ, ನಮ್ಮ ಮನೆಯಲ್ಲೇ ನಾಲ್ಕು ಪಾವರ್‌ಲೂಮ್ ಇವೆ. ನಾನು, ನನ್ನ ಹೆಂಡತಿ, ತಮ್ಮ ಸೇರಿ ನೇಯುತ್ತೇವೆ. ಮಳೆಗಾಲದಲ್ಲಿ ನಮ್ಮ ಓಣಿಯ ಟೀಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಒಂಬತ್ತು ದಿನ ಕರೆಂಟಿಲ್ಲ. ಬೇರೆ ಟೀಸಿ ಕೂರಿಸಿದ ಮೇಲೆ ವೋಲ್ಟೇಜ್ ಏರಿಳಿದು ಎರಡು ಮೋಟರ್ ಸುಟ್ಟವು. ಕೇಳಿದರೆ ‘ಮ್ಯಾಲಿಂದ ಮಾಲ ಬಂದಿದ್ದಿಲ್ರಿ’ ಅಂತಾರೆ. ಇದನ್ನೆಲ್ಲ ನೋಡಿಕೊಳ್ಳೋಕೆ ಬೆಂಗಳೂರಲ್ಲಿ ಒಂದು ಆಯೋಗ ಇದೆಯಂತೆ. ಅದು ನಮ್ಮಂಥವರನ್ನು ಕಾಯುತ್ತದೆಯಾ? ಇದ್ದೂ ಇಲ್ಲದ ಹಾಗೆಯೇ ಅನ್ನಿಸುತ್ತದೆ.
– ನೇಕಾರರೊಬ್ಬರು, ರಬಕವಿ

ಉತ್ತರ: ಅಣ್ಣಾರೇ, ನನ್ನ ತವರು ಬನಹಟ್ಟಿ. ಒಂಬತ್ತು ದಿನ ಮಗ್ಗ ನಿಂತರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಏರಿಸಿದ ಬೀಮು ಏರಿಸಿದ ಹಾಗೇ ಇರುತ್ತದೆ. ಹಾಸಿನ ಮೇಲೆ ಧೂಳು ಕೂರುತ್ತದೆ. ನೇಯ್ದಷ್ಟಕ್ಕೇ ಮಜೂರಿ, ನೇಯದ ದಿನ ಕೈ ಖಾಲಿ. ಬೆಳಗಿನಿಂದ ರಾತ್ರಿತನಕ ಖಟಖಟ ಅನ್ನೋ ಓಣಿ ಸುಮ್ಮನಾದರೆ ಸೂತಕದ ಮನೆ ಇದ್ದ ಹಾಗಿರುತ್ತದೆ.

ಆಯೋಗ ಕಾಯುತ್ತದಾ ಅಂತ ಕೇಳಿದ್ದೀರಿ. ಕಾಯುತ್ತದೆ. ಆದರೆ ತಾನಾಗಿ ಬಂದು ಕಾಯುವುದಿಲ್ಲ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 1999ರಿಂದ ಇದೆ. ಯೂನಿಟ್ ದರ ನಿಗದಿ ಮಾಡೋದು ಅದೇ. ಯಾವ ಕೆಲಸ ಎಷ್ಟು ಹೊತ್ತಿನಲ್ಲಿ ಆಗಬೇಕು ಅಂತ ಗೆರೆ ಹಾಕೋದೂ ಅದೇ. ಟೀಸಿ ಕೆಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು. ನಿಮ್ಮದು ನಗರಸಭೆ ಇರುವ ಊರು. ಹಾಗಾಗಿ ಒಂದು ದಿನದಲ್ಲಿ ಆಗಬೇಕಿದ್ದ ಕೆಲಸಕ್ಕೆ ಒಂಬತ್ತು ದಿನ ಹಿಡಿದಿದೆ. ಮಾಲು ಮೇಲಿಂದ ಬಂತೋ ಕೆಳಗಿಂದ ಬಂತೋ ಅದು ಅವರವರ ಮನೆಯೊಳಗಿನ ಮಾತು. ಬಿಲ್ಲು ಕಟ್ಟುವ ನಿಮಗೆ ಅದು ಉತ್ತರ ಅಲ್ಲ.

ಈಗ ನಾನು ಕೇಳುವ ಪ್ರಶ್ನೆ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿದ್ದಿರಾ? ಆಗ ಕೊಟ್ಟ ದೂರಿನ ನಂಬರ್ ಬರೆದಿಟ್ಟುಕೊಂಡಿದ್ದೀರಾ? ಸ್ಟೂಲ್ ಮೇಲೆ ಕೂತ ಪ್ರತಿಯೊಬ್ಬರಿಗೂ ಮೊದಲು ಇದನ್ನೇ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ ‘ಲೈನ್‌ಮನ್‌ಗೆ ಹೇಳೀವ್ರಿ’ ಅಂತಾರೆ. ಲೈನ್‌ಮನ್ ಮೇಲೆ ನನಗೇನೂ ಸಿಟ್ಟಿಲ್ಲ. ರಾತ್ರಿ ಮಳೆಯಲ್ಲಿ ಕಂಬ ಹತ್ತುವವನು ಅವನೇ. ಆದರೆ ಅವನ ಮೊಬೈಲಿಗೆ ಹೇಳಿದ ದೂರು ಕಂಪನಿಯ ಪುಸ್ತಕ ಸೇರುವುದಿಲ್ಲ. ಪುಸ್ತಕದಲ್ಲಿಲ್ಲದ ದೂರು ಆಯೋಗದ ಲೆಕ್ಕಕ್ಕೂ ಇಲ್ಲ. ಅಲ್ಲಿಗೆ ನಿಮ್ಮ ಓಣಿಯಲ್ಲಿ ಒಂಬತ್ತು ದಿನ ಕತ್ತಲಿತ್ತು ಅನ್ನೋದೇ ಕಾಗದದ ಮೇಲೆ ನಡೆದಿಲ್ಲ ಅಂತ ಆಯಿತು.

ನಂಬರ್ ಇಲ್ಲದಿದ್ದರೂ ದಾರಿ ಇದೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಎರಡೇ ಪ್ರಶ್ನೆ ಕೇಳಿ: ನಮ್ಮ ಓಣಿಯ ಟೀಸಿ ಕೆಟ್ಟಿದೆ ಅಂತ ಯಾವ ತಾರೀಖಿಗೆ ದಾಖಲಾಯಿತು, ಬದಲಿಸಿದ್ದು ಯಾವ ತಾರೀಖಿಗೆ. ಜಾಸ್ತಿ ಬರೆಯಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಷ್ಟೇ. ಸಿಟ್ಟೆಲ್ಲ ಅದರಲ್ಲೇ ತೋಡಿಕೊಂಡವರ ಅರ್ಜಿ ವಾಪಸ್ ಬಂದದ್ದನ್ನು ನೋಡಿದ್ದೇನೆ. 30 ದಿನದಲ್ಲಿ ಉತ್ತರ ಕೊಡಬೇಕು. ಅವರೇ ಬರೆದು ಸಹಿ ಹಾಕಿ ಕೊಟ್ಟ ಎರಡು ತಾರೀಖು ನಿಮ್ಮ ಕೈಗೆ ಬಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಆ ಕಾಗದ ಹಿಡಿದು ಕಂಪನಿಯ ಗ್ರಾಹಕರ ಕುಂದುಕೊರತೆ ವೇದಿಕೆಗೆ ಬರೆಯಿರಿ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಪ್ರತಿ ಕಂಪನಿಯಲ್ಲೂ ಈ ವೇದಿಕೆ ಇರಲೇಬೇಕು. ಅಲ್ಲಿ ಸಮಾಧಾನ ಆಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್, ಅಂದರೆ ಹೊರಗೆ ಕೂತು ದೂರು ಕೇಳಿ ತೀರ್ಮಾನಿಸುವವರು, ಇದ್ದಾರೆ. ಅವರು ಆಯೋಗ ನೇಮಿಸಿದವರು, ಕಂಪನಿಯವರಲ್ಲ.

ಸುಟ್ಟ ಮೋಟರ್‌ಗಳ ವಿಷಯ ಬೇರೆ. ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಬಾಗಲಕೋಟೆಯಲ್ಲೇ ಇದೆ. ಸೇವೆಗೆ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ನಷ್ಟವಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ವೈಂಡಿಂಗ್ ಅಂಗಡಿಯ ಬಿಲ್ಲು ಇಟ್ಟುಕೊಳ್ಳಿ. ಅದರ ಮೇಲೆ ‘ವೋಲ್ಟೇಜ್ ಹೆಚ್ಚುಕಡಿಮೆಯಾಗಿ ಕಾಯಿಲ್ ಸುಟ್ಟಿದೆ’ ಅಂತ ತಾರೀಖು ಹಾಕಿ ಬರೆಸಿ. ವೈಂಡರ್ ಸಹಿ ಇರಲಿ. ಸುಟ್ಟ ತಂತಿ ಬಿಸಾಡಬೇಡಿ, ಒಂದು ಚೀಲದಲ್ಲಿ ಕಟ್ಟಿಡಿ. ಅದೇ ವಾರ ಓಣಿಯಲ್ಲಿ ಬೇರೆಯವರ ಮೋಟರ್, ಫ್ರಿಜ್ ಸುಟ್ಟಿದ್ದರೆ ಸೇರಿಯೇ ಹೋಗಿ. ಒಂದೇ ತೊಂದರೆ ಆದವರು ಒಟ್ಟಿಗೆ ದೂರು ಕೊಡೋಕೆ ಗ್ರಾಹಕ ಕಾಯ್ದೆಯಲ್ಲಿ ಅವಕಾಶ ಇದೆ.

ಒಂದು ಎಚ್ಚರಿಕೆ. ಲಾಭಕ್ಕಾಗಿ ನಡೆಯುವ ವ್ಯಾಪಾರಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎದುರಿನವರು ಮೊದಲು ಎತ್ತುವ ತಕರಾರೇ ಅದು. ಹಾಗಾಗಿ ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ: ಕೂಲಿಯಾಳು ಇಟ್ಟಿಲ್ಲ, ಮನೆಯವರೇ ನೇಯುತ್ತೇವೆ, ಇದು ನಮ್ಮ ಹೊಟ್ಟೆಪಾಡು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ. ಟೀಸಿ ತಡವಾದರೆ ನಿಯಮದಲ್ಲಿ ಪರಿಹಾರ ಇದೆ, ಆದರೆ ಆ ಮೊತ್ತ ಬಹಳ ಸಣ್ಣದು. ಎರಡು ಬಲ್ಬಿನ ಮನೆಗೂ ಅದೇ, ನಾಲ್ಕು ಮಗ್ಗದ ಮನೆಗೂ ಅದೇ. ನಿಂತ ಮಗ್ಗದ ನಷ್ಟ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಫೋನ್ ಕಂಪನಿ ಸರಿಯಿಲ್ಲ ಅಂದರೆ ಬೇರೆ ಸಿಮ್ ಹಾಕಬಹುದು. ಟೀಸಿ ಸರಿಯಿಲ್ಲ ಅಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಬಿಟ್ಟು ಹೋಗಲಿಕ್ಕೆ ದಾರಿಯೇ ಇಲ್ಲದ ಕಡೆ ನಿಯಂತ್ರಕರು ಜನರಿಗೆ ಎಲ್ಲಕ್ಕಿಂತ ಹತ್ತಿರ ಇರಬೇಕು. ನಮಗೆ ಅವರು ಎಲ್ಲಕ್ಕಿಂತ ದೂರ ಇದ್ದಾರೆ. ಇದು ಬದಲಾಗಲೇಬೇಕು.

ದರ ಪರಿಷ್ಕರಣೆಗೆ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಆಯೋಗ ಆಕ್ಷೇಪಣೆ ಕೇಳುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ನೇಕಾರ ಸಂಘದವರು ಅಲ್ಲಿಗೆ ಹೋಗುತ್ತಾರೆ, ಯೂನಿಟ್‌ಗೆ ಎಷ್ಟು ಪೈಸೆ ಅಂತ ವಾದಿಸುತ್ತಾರೆ. ಅದು ಸರಿಯೇ. ಈ ಸಲ ಒಂದು ಪುಟ ಜಾಸ್ತಿ ಬರೆಯಿರಿ. ಯಾವ ಓಣಿಯ ಟೀಸಿ ಎಷ್ಟು ದಿನ ಕೆಟ್ಟಿತ್ತು, ಎಷ್ಟು ಮಗ್ಗ ನಿಂತವು, ಎಷ್ಟು ಮಜೂರಿ ಹೋಯಿತು. ನಿಮ್ಮ ಕೈಗೆ ಬರುವ ಆ ಎರಡು ತಾರೀಖಿನಿಂದಲೇ ಶುರು ಮಾಡಿ. ಬರೆಯೋಕೆ ಕಷ್ಟ ಆದರೆ ಅಂಗಡಿಗೆ ಬನ್ನಿ, ನಾನು ಟೈಪ್ ಮಾಡಿಕೊಡುತ್ತೇನೆ.

ಪ್ರಶ್ನೆ: ಮೇಡಂ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ವಾರಕ್ಕೆ ಎರಡು ಸಲ ಬ್ರಾಡ್‌ಬ್ಯಾಂಡ್ ಹೋಗುತ್ತದೆ. ದೂರು ಕೊಟ್ಟರೆ ಯಾರೂ ಬರುವುದಿಲ್ಲ, ‘ದೂರು ಬಗೆಹರಿದಿದೆ’ ಅಂತ ಮೆಸೇಜ್ ಮಾತ್ರ ಬರುತ್ತದೆ. ಟೆಲಿಕಾಂ ಸೇವೆಗಳ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೆದೆ. ಕಂಪನಿಯನ್ನೇ ಸಂಪರ್ಕಿಸಿ ಅಂದರು. ಹಾಗಾದರೆ ಟ್ರಾಯ್ ಯಾಕಿದೆ?
– ಯುವಕರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಅದೇ ಮೆಸೇಜ್ ನನಗೂ ಬಂದಿತ್ತು. ಎರಡು ವರ್ಷದ ಹಿಂದೆ ಚರಂಡಿ ಅಗೆಯೋಕೆ ಬಂದ ಜೆಸಿಬಿ ನಮ್ಮ ಸಾಲಿನ ಕೇಬಲ್ ಕಿತ್ತುಹಾಕಿತು. ಅಂಗಡಿಯ ಮೋಡೆಮ್ ಮೇಲೆ ಎಲ್‌ಓಎಸ್ ಅಂತ ಬರೆದ ಪುಟ್ಟ ದೀಪ ಕೆಂಪಗೆ ಮಿಣುಕತೊಡಗಿತು. ಅದು ಕೆಂಪಾದರೆ ಕೇಬಲ್‌ನಿಂದ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥ, ಕಿತ್ತುಹೋದ ಕೇಬಲ್ ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವಂಥದ್ದಲ್ಲ. ಆದರೂ ಫೋನ್ ಮಾಡಿದಾಗಲೆಲ್ಲ ಆಫ್ ಮಾಡಿ ಆನ್ ಮಾಡಿ ಅಂದರು. ಮೂರನೇ ದಿನ ‘ದೂರು ಬಗೆಹರಿದಿದೆ, ಧನ್ಯವಾದ’ ಅಂತ ಮೆಸೇಜ್. ದೀಪ ಕೆಂಪಗೇ ಇತ್ತು. ಎದುರಿಗೆ ಪರೀಕ್ಷೆ ಫಾರ್ಮ್ ತುಂಬೋಕೆ ಬಂದ ಮೂರು ಹುಡುಗಿಯರು ನಿಂತಿದ್ದರು. ಬೇರೆ ಅಂಗಡಿಗೆ ಹೋಗಿ ಅಂತ ನಾನೇ ಕಳಿಸಿದೆ.

ಆಮೇಲೆ ಒಂದು ಕೆಲಸ ಮಾಡಿದೆ. ದಿನಾ ಬೆಳಿಗ್ಗೆ ಅವತ್ತಿನ ಪೇಪರನ್ನು ಮೋಡೆಮ್ ಪಕ್ಕ ಇಟ್ಟು, ತಾರೀಖೂ ಕೆಂಪು ದೀಪವೂ ಕಾಣೋ ಹಾಗೆ ಫೋಟೋ ತೆಗೆದೆ. ಅವರು ದೂರು ಮುಚ್ಚಿದಾಗಲೆಲ್ಲ ಹೊಸ ದೂರು ಕೊಟ್ಟೆ. ನಾಲ್ಕು ನಂಬರ್ ಆದವು. ನಾಲ್ಕನ್ನೂ ಎಂಟು ಫೋಟೋ ಜೊತೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಇಮೇಲ್ ಮಾಡಿದೆ. ಹನ್ನೊಂದನೇ ದಿನ ಹುಡುಗ ಏಣಿ ಹಿಡಿದು ಬಂದ. ಮುಂದಿನ ಬಿಲ್ಲಿನಲ್ಲಿ ಅಷ್ಟು ದಿನದ ಬಾಡಿಗೆ ಕಡಿತವಾಗಿತ್ತು.

ಆ ಮೇಲ್ಮನವಿ ಅನ್ನೋದು ಟ್ರಾಯ್ 2012ರಲ್ಲಿ ಮಾಡಿದ ನಿಯಮದಿಂದ ಬಂದದ್ದು. ಪ್ರತಿ ದೂರಿಗೂ ನಂಬರ್ ಕೊಡಬೇಕು, ಸಮಾಧಾನ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ನಿಯಮ ಟ್ರಾಯ್‌ದು. ಆದರೆ ಮೇಲ್ಮನವಿ ಕೇಳುವವರು ಕಂಪನಿಯೊಳಗಿನವರೇ. ಒಬ್ಬೊಬ್ಬರ ದೂರು ಹಿಡಿದು ವಿಚಾರಣೆ ಮಾಡುವ ಕೆಲಸ ಟ್ರಾಯ್‌ಗೆ ಕಾಯ್ದೆಯೇ ಕೊಟ್ಟಿಲ್ಲ. ನಿಮ್ಮನ್ನು ವಾಪಸ್ ಕಳಿಸಿದ್ದು ಅದಕ್ಕೇ. ಇದು ದೊಡ್ಡ ಕೊರತೆ ಅಂತಲೇ ನಾನು ಹೇಳುತ್ತೇನೆ. ಕೋಟಿಗಟ್ಟಲೆ ಜನ ಬಳಸುವ ಸೇವೆಗೆ ಕಂಪನಿಯ ಹೊರಗೆ ಕೂತು ದೂರು ಕೇಳುವ ಒಬ್ಬ ಓಂಬುಡ್ಸ್‌ಮನ್ ಇಲ್ಲ ಅಂದರೆ ಹೇಗೆ?

ಹಾಗಂತ ಟ್ರಾಯ್ ಏನೂ ಮಾಡಿಲ್ಲ ಅನ್ನಬೇಡಿ. 2011ರ ಜನವರಿ 20ರಂದು ದೇಶದ ತುಂಬ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಶುರುವಾಯಿತು. ಅದಕ್ಕೆ ಮುಂಚೆ ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ನನ್ನ ಅಂಗಡಿಯ ಬೋರ್ಡ್ ಮೇಲೆ, ಗೋಡೆ ಮೇಲೆ, ಜನರ ಡೈರಿಯಲ್ಲಿ ಇದ್ದ ನಂಬರ್ ಅದು. ಅದನ್ನು ಕಳೆದುಕೊಳ್ಳಬಾರದು ಅಂತ ಐದು ವರ್ಷ ಕೆಟ್ಟ ಸಿಗ್ನಲ್ ಸಹಿಸಿಕೊಂಡಿದ್ದೆ. 1900ಕ್ಕೆ ಒಂದು ಮೆಸೇಜ್ ಕಳಿಸಿದರೆ ಹೊರಗೆ ಬರಬಹುದು ಅಂತ ಆದ ಮೇಲೆ ಅದೇ ಕಂಪನಿಯವರು ತಾವಾಗಿ ಫೋನ್ ಮಾಡಿ ಏನು ತೊಂದರೆ ಅಂತ ಕೇಳಿದರು. ದಂಡ ಹಾಕಿ ಆಗದ ಕೆಲಸವನ್ನು ಆ ಬಾಗಿಲು ಮಾಡಿತು. ತಂತಿಯ ಬ್ರಾಡ್‌ಬ್ಯಾಂಡ್‌ಗೆ ಅಷ್ಟು ಸಲೀಸಾದ ಬಾಗಿಲಿಲ್ಲ, ನಿಜ. ಆದರೆ ಟಿಳಕವಾಡಿಯಂಥ ಕಡೆ ಒಂದಕ್ಕಿಂತ ಹೆಚ್ಚು ಕಂಪನಿ ಇರುತ್ತವೆ, ವಿಚಾರಿಸಿ ನೋಡಿ. ವರ್ಷದ ಹಣ ಒಟ್ಟಿಗೇ ಕಟ್ಟಬೇಡಿ. ತಿಂಗಳ ಪ್ಲ್ಯಾನ್ ಸ್ವಲ್ಪ ದುಬಾರಿಯಾದರೂ ಬಿಡುವ ಸ್ವಾತಂತ್ರ್ಯ ನಿಮ್ಮ ಕೈಲಿರುತ್ತದೆ.

ಮೇಲ್ಮನವಿಯಲ್ಲೂ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಿ. ಟೆಲಿಫೋನ್ ತಕರಾರಿಗೆ ಅಲ್ಲಿ ಜಾಗ ಇಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನೇ ಹಿಡಿದುಕೊಂಡು ಈಗಲೂ ಕೆಲವರು ಹೆದರಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಟೆಲಿಕಾಂ ಸೇವೆಯನ್ನು ಹೆಸರು ಹಿಡಿದೇ ಸೇರಿಸಿದೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗ್ರಾಹಕರು ಹೋಗಬಹುದು ಅಂತ ಸ್ಪಷ್ಟ ಮಾಡಿದೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ಬೆಳಗಾವಿಯಲ್ಲೇ ದೂರು ಕೊಡಬಹುದು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಸಣ್ಣ ತಕರಾರು ಅಲ್ಲೇ ಮುಗಿಯುತ್ತವೆ.

ಪ್ರಶ್ನೆ: ಅಕ್ಕಾರೇ, ನಾನು ಅಂಗನವಾಡಿ ಕೆಲಸದಿಂದ ನಿವೃತ್ತಳಾದವಳು. ನಮ್ಮೂರಿನ ಒಂದು ಪತ್ತಿನ ಸೌಹಾರ್ದದಲ್ಲಿ ಮೂರು ಲಕ್ಷ ಠೇವಣಿ ಇಟ್ಟಿದ್ದೆ. ಅವಧಿ ಮುಗಿದು ಎಂಟು ತಿಂಗಳಾಯಿತು. ‘ಮುಂದಿನ ತಿಂಗಳ ಬರ್ರಿ’ ಅಂತಲೇ ಹೇಳುತ್ತಾರೆ. ರಿಸರ್ವ್ ಬ್ಯಾಂಕಿಗೆ ಬರೆಯಲಾ?
– ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಅಕ್ಕಾರೇ, ನಿಮ್ಮ ಪತ್ರ ಓದಿ ಸಂಕಟವಾಯಿತು. ಅಂಗನವಾಡಿಯ ಗೌರವಧನದಲ್ಲಿ ಮೂರು ಲಕ್ಷ ಕೂಡಿಡೋಕೆ ಎಷ್ಟು ವರ್ಷ ಬೇಕು ಅಂತ ನನಗೆ ಗೊತ್ತು.

ರಿಸರ್ವ್ ಬ್ಯಾಂಕಿಗೆ ಬರೆದು ದಿನ ಕಳೆಯಬೇಡಿ. ಸೌಹಾರ್ದ ಪತ್ತಿನ ಸಹಕಾರಿ ಬ್ಯಾಂಕ್ ಅಲ್ಲ. ಕೌಂಟರ್, ಗಾಜು, ಪಾಸ್‌ಬುಕ್ ಎಲ್ಲ ಬ್ಯಾಂಕಿನ ಹಾಗೇ ಇರುತ್ತವೆ, ಆದರೆ ಅದು ರಾಜ್ಯದ ಸಹಕಾರ ಕಾಯ್ದೆಯ ಕೆಳಗೆ ನಡೆಯುವ ಸಂಸ್ಥೆ. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿಗೆ ವಿಮೆ ಇದೆ. ಆ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಪತ್ತಿನ ಸಂಘಗಳಿಗೆ ಇಲ್ಲ. ಠೇವಣಿ ಇಡುವ ದಿನ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ. ಬಡ್ಡಿ ಒಂದೂವರೆ ಎರಡು ಪರ್ಸೆಂಟ್ ಜಾಸ್ತಿ ಅಂತ ಮಾತ್ರ ಹೇಳುತ್ತಾರೆ.

ಮೂಲ ಠೇವಣಿ ರಸೀದಿ ನಿಮ್ಮ ಹತ್ತಿರ ಇದೆಯಾ? ರಿನ್ಯೂ ಮಾಡಿಕೊಡುತ್ತೇವೆ ಅಂತ ಕೇಳಿದರೆ ಕೊಡಬೇಡಿ. ಅವಧಿ ಮುಗಿದಿದೆ, ಹಣ ಕೊಡಿ ಅಂತ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆಯ ರಸೀದಿ ಪತ್ರದ ನಕಲಿಗೆ ಪಿನ್ ಮಾಡಿ. ಹದಿನೈದು ದಿನ ನೋಡಿ. ಆಮೇಲೆ ಸಹಕಾರ ಇಲಾಖೆಯ ಜಿಲ್ಲಾ ಕಚೇರಿಗೆ ಒಂದು ದೂರು ಕೊಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇನ್ನೊಂದು. ಸಹಕಾರ ಸಂಘದ ವಿಷಯ ಇಲ್ಲಿ ಬರುವುದಿಲ್ಲ ಅಂತ ಅವರು ವಾದಿಸಬಹುದು. ಸಂಘದ ಸದಸ್ಯರೂ ಗ್ರಾಹಕರ ವೇದಿಕೆಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ, ಹೆದರಬೇಡಿ. ಇನ್ನೂ ಬಹಳ ಜನರ ಹಣ ಸಿಕ್ಕಿಹಾಕಿಕೊಂಡಿದ್ದರೆ ಒಟ್ಟಾಗಿ ಪೊಲೀಸರ ಹತ್ತಿರವೂ ಹೋಗಿ. ಠೇವಣಿದಾರರ ಹಿತ ಕಾಯೋಕೆ ಅಂತಲೇ ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಆಸ್ತಿ ಜಪ್ತಿ ಮಾಡುವ ಅಧಿಕಾರ ಅದರಲ್ಲಿದೆ.

ಮೂರು ತಿಂಗಳಲ್ಲಿ ತೀರ್ಮಾನ ಅಂತ ಗ್ರಾಹಕ ಕಾಯ್ದೆಯಲ್ಲಿ ಬರೆದಿದೆ. ನಿಮಗೆ ಸುಳ್ಳು ಭರವಸೆ ಕೊಡಲಾರೆ, ನಾನು ಟೈಪ್ ಮಾಡಿಕೊಟ್ಟ ಅರ್ಜಿಗಳಲ್ಲಿ ಅಷ್ಟು ಬೇಗ ಮುಗಿದದ್ದು ಕಡಿಮೆ. ಆದರೆ ನೋಟಿಸ್ ತಲುಪಿದ ಮೇಲೆ ‘ಮುಂದಿನ ತಿಂಗಳ ಬರ್ರಿ’ ಅನ್ನೋ ಮಾತು ನಿಂತು, ಕಂತಿನಲ್ಲಿ ಕೊಡುತ್ತೇವೆ ಅಂತ ಮನೆಗೇ ಬಂದವರನ್ನು ನೋಡಿದ್ದೇನೆ. ಹಾಗೆ ಬಂದರೆ ಬಾಯಿಮಾತಿಗೆ ಒಪ್ಪಬೇಡಿ. ತಾರೀಖು, ಮೊತ್ತ ಬರೆಸಿಕೊಂಡು ಆ ಒಪ್ಪಂದವನ್ನು ಆಯೋಗದ ಮುಂದೆಯೇ ಇಡಿ.

ಪ್ರಶ್ನೆ: ಎಟಿಎಂನಲ್ಲಿ 5,000 ರೂಪಾಯಿ ಬರಲಿಲ್ಲ, ಖಾತೆಯಿಂದ ಮಾತ್ರ ಹೋಯಿತು. 3ನೇ ತಾರೀಖಿನ ಘಟನೆ. 26ಕ್ಕೆ ವಾಪಸ್ ಬಂತು. ಹಣ ಬಂದ ಮೇಲೂ ಏನಾದರೂ ಕೇಳೋಕೆ ಬರುತ್ತದಾ?
– ಓದುಗರೊಬ್ಬರು, ಇಳಕಲ್

ಉತ್ತರ: ಬರುತ್ತದೆ, ಕೇಳಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಇದೆ. ಎಟಿಎಂನಿಂದ ನೋಟು ಬಾರದೆ ಖಾತೆಯಿಂದ ಹಣ ಹೋದರೆ ಐದು ದಿನದೊಳಗೆ ವಾಪಸ್ ಹಾಕಬೇಕು. ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಗ್ರಾಹಕರು ಕೇಳದಿದ್ದರೂ ಬ್ಯಾಂಕೇ ಹಾಕಬೇಕು ಅಂತ ಅದರಲ್ಲಿದೆ. ರಬಕವಿಯ ಅಣ್ಣನವರಿಗೆ ಇಂಥ ನಿಯಮ ಸಿಗಬೇಕಿತ್ತು ಅಂತ ನನ್ನ ಆಸೆ. ದಿನ ಎಣಿಸಿದರೆ ಸಾಕು, ವಾದ ಮಾಡಬೇಕಿಲ್ಲ.

ನಿಮ್ಮ ಲೆಕ್ಕ ಹೀಗೆ. 3ಕ್ಕೆ ಹೋದದ್ದು 8ರೊಳಗೆ ಬರಬೇಕಿತ್ತು. 26ಕ್ಕೆ ಬಂದಿದೆ. ಹದಿನೆಂಟು ದಿನ ತಡ, 1,800 ರೂಪಾಯಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಎರಡೂ ಸಾಲಿಗೆ ಪೆನ್ಸಿಲ್ ಗುರುತು ಮಾಡಿ, ನಕಲು ತೆಗೆದು ಬ್ರಾಂಚಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. 30 ದಿನ ಕಾಯಿರಿ. ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಶುಲ್ಕ ಇಲ್ಲ. ಮಾಹಿತಿ ಬೇಕಿದ್ದರೆ 14448ಕ್ಕೆ ಫೋನ್ ಮಾಡಿ. ದೂರು ಹಾಕಿದಾಗ ಬರುವ ನಂಬರನ್ನು ಆ ಸೀಲು ಹಾಕಿದ ಪ್ರತಿಯ ಹಿಂದೆಯೇ ಬರೆದಿಡಿ.